ನಲ್ಲಿ ನೀರಿನ ಲೆಕ್ಕ ಮತ್ತು ಐದೂವರೆ ಗಂಟೆ ಹಿಂದಿದ್ದ ಗಡಿಯಾರ

ಕಳೆದ ಮೂರು ವಾರದಿಂದ ನಮ್ಮ ಬಳಗದವರೆಲ್ಲ ಒಂದು ಡೆಮೊ ವೆಬ್‌ಸೈಟಿನ ಹಿಂದೆ ಬಿದ್ದಿದ್ದೆವು. ವೆಬ್‌ಸೈಟ್ ದೊಡ್ಡದೇನಲ್ಲ. ಒಂದು ಊರು, ಐದು ಬೀದಿ. ಬೀದಿಗೊಬ್ಬ ಅಕ್ಕ. ನಲ್ಲಿಯಲ್ಲಿ ನೀರು ಬಂದ ಕೂಡಲೇ ಆಕೆ ಫೋನಿನಲ್ಲಿ ‘ನೀರು ಬಂತು’ ಅನ್ನುವ ಗುಂಡಿ ಒತ್ತಬೇಕು, ನಿಂತಾಗ ‘ನೀರು ನಿಂತಿತು’ ಒತ್ತಬೇಕು. ತಿಂಗಳ ಕೊನೆಗೆ ಯಾವ ಬೀದಿಗೆ ಎಷ್ಟು ದಿನ, ಎಷ್ಟು ಹೊತ್ತು ನೀರು ಬಂತು ಅನ್ನುವ ಒಂದು ಹಾಳೆ ತಯಾರಾಗುತ್ತದೆ. ಇಷ್ಟೇ ಅದರ ಕೆಲಸ.

ಇದು ಯಾಕೆ ಬೇಕಾಯಿತು ಅಂದರೆ, ನಾವು ವರದಿಗೆ ಹೋದ ಗ್ರಾಮಸಭೆಗಳಲ್ಲಿ ಜಗಳ ಹೆಚ್ಚಾಗಿ ಶುರುವಾಗುವುದೇ ನೀರಿನಿಂದ. ‘ನಾಲ್ಕು ದಿನದಿಂದ ನೀರಿಲ್ಲ’ ಅಂತ ಹೆಣ್ಣುಮಕ್ಕಳು. ‘ಬಿಟ್ಟಿದೀನಿ ಕಣಕ್ಕ, ನೀವು ನೋಡಿಲ್ಲ’ ಅಂತ ನೀರುಗಂಟಿ. ಇಬ್ಬರ ಹತ್ತಿರವೂ ಬರೆದಿಟ್ಟ ಲೆಕ್ಕ ಇರುವುದಿಲ್ಲ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್ ಪ್ರಕಾರ ಹಳ್ಳಿಯ ಮನೆಯ ನಲ್ಲಿಗೆ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಬರಬೇಕು. ಬರುತ್ತಿದೆಯೇ ಇಲ್ಲವೇ ಎಂದು ವಾದ ಮಾಡಬೇಕಾದರೆ ಮೊದಲು ಎಷ್ಟು ದಿನ ಬಂತು ಅನ್ನುವುದಾದರೂ ಗೊತ್ತಿರಬೇಕಲ್ಲ.

ಪಂಚಾಯಿತಿಯವರು, ‘ಮೊದಲು ಡೆಮೊ ತೋರಿಸಿ, ಎಲ್ಲರೂ ಒಪ್ಪಿದರೆ ಒಂದು ತಿಂಗಳು ನೋಡೋಣ’ ಅಂದರು. ಆ ಡೆಮೊ ಸರಿ ಮಾಡಲು ಹೋದಾಗ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಕಂಪ್ಯೂಟರ್ ವಿಷಯ, ನಮಗ್ಯಾಕೆ ಅಂತ ಬಿಡಬೇಡಿ. ಡೇರಿಯ ಹಾಲಿನ ಚೀಟಿ, ರೇಷನ್ ಅಂಗಡಿಯ ಬೆರಳಚ್ಚು, ಉದ್ಯೋಗ ಖಾತ್ರಿ ಹಾಜರಿ ಎಲ್ಲವೂ ಈಗ ಯಂತ್ರದ ಲೆಕ್ಕವೇ. ಆ ಲೆಕ್ಕದೊಳಗೆ ಸುಳ್ಳು ಹೇಗೆ ನುಸುಳುತ್ತದೆ ಅನ್ನುವುದನ್ನು ನಾವು ಹತ್ತಿರದಿಂದ ನೋಡಿದೆವು.

ಪೆಟ್ಟಿಗೆಯ ಕಥೆ

ಹೆದ್ದಾರಿಯಲ್ಲಿ ಮಂಗಳೂರು ಬಂದರಿನ ಕಡೆ ಹೋಗುವ ಕಂಟೈನರ್ ಲಾರಿಗಳನ್ನು ನೀವು ನೋಡಿರುತ್ತೀರಿ. ಒಳಗೆ ಕಾಫಿ ಬೀಜವೋ ಗೋಡಂಬಿಯೋ ಇರಬಹುದು, ಹೊರಗಿನ ಪೆಟ್ಟಿಗೆ ಮಾತ್ರ ಒಂದೇ ಅಳತೆ. ಅದಕ್ಕೇ ಲಾರಿ, ರೈಲು, ಹಡಗು ಯಾವುದರ ಮೇಲಾದರೂ ಕೂರುತ್ತದೆ. 1956ರ ಏಪ್ರಿಲ್ 26ರಂದು ಅಮೆರಿಕದ ಮಾಲ್ಕಮ್ ಮೆಕ್ಲೀನ್ ಎಂಬ ಲಾರಿ ಮಾಲೀಕ 58 ಪೆಟ್ಟಿಗೆಗಳನ್ನು ‘ಐಡಿಯಲ್ ಎಕ್ಸ್’ ಎಂಬ ಹಡಗಿಗೆ ಹೇರಿ ನ್ಯೂಯಾರ್ಕ್ ಪಕ್ಕದ ನೆವಾರ್ಕ್‌ನಿಂದ ಹೂಸ್ಟನ್‌ಗೆ ಕಳಿಸಿದ. ಇವತ್ತಿನ ಕಂಟೈನರ್ ಸಾಗಾಟ ಬೆಳೆದದ್ದು ಅಲ್ಲಿಂದ.

ಸಾಫ್ಟ್‌ವೇರಿನವರು ಇದೇ ಉಪಾಯವನ್ನು ಎತ್ತಿಕೊಂಡರು. ಒಬ್ಬರ ಲ್ಯಾಪ್‌ಟಾಪಿನಲ್ಲಿ ಓಡುವ ಪ್ರೋಗ್ರಾಮ್ ಇನ್ನೊಬ್ಬರಲ್ಲಿ ಓಡುವುದಿಲ್ಲ ಅನ್ನುವುದು ಅವರ ಹಳೇ ತಲೆನೋವು. ಪ್ರೋಗ್ರಾಮ್, ಅದಕ್ಕೆ ಬೇಕಾದ ಸಾಮಾನು, ಸೆಟ್ಟಿಂಗ್ ಎಲ್ಲವನ್ನೂ ಒಂದೇ ಪೆಟ್ಟಿಗೆಗೆ ತುಂಬಿದರೆ? 2013ರ ಮಾರ್ಚ್‌ನಲ್ಲಿ ಅಮೆರಿಕದ ಪೈಥಾನ್ ಸಮ್ಮೇಳನವೊಂದರಲ್ಲಿ ಸಾಲೊಮನ್ ಹೈಕ್ಸ್ ಎಂಬವರು ‘ಡಾಕರ್’ ಎಂಬ ಸಾಧನವನ್ನು ಐದು ನಿಮಿಷದಲ್ಲಿ ತೋರಿಸಿದರು. ಅದಾದ ಮೇಲೆ ಈ ಪೆಟ್ಟಿಗೆಗಳು ಎಲ್ಲೆಲ್ಲೂ ಹಬ್ಬಿದವು. ಹೆಸರೂ ಅದೇ, ಕಂಟೈನರ್.

ನಮ್ಮ ಡೆಮೊದಲ್ಲಿ ಎರಡು ಪೆಟ್ಟಿಗೆ. ಒಂದರಲ್ಲಿ ಪುಟ ತೋರಿಸುವ ವೆಬ್ ಪ್ರೋಗ್ರಾಮ್, ಇನ್ನೊಂದರಲ್ಲಿ ಲೆಕ್ಕ ಇಡುವ ಡೇಟಾಬೇಸ್. ಇಲ್ಲಿ ಒಂದು ಮಾತು ನೆನಪಿಡಿ. ಪೆಟ್ಟಿಗೆಯ ಒಳಗಿರುವ ಪ್ರೋಗ್ರಾಮಿಗೆ ಹೊರಗಿನ ಪ್ರಪಂಚ ಕಾಣುವುದಿಲ್ಲ. ಅದರ ಫೈಲು ಅದಕ್ಕೆ, ಅದರ ನೆಟ್‌ವರ್ಕ್ ಅದಕ್ಕೆ. ನಮಗೆ ಸಿಕ್ಕ ತೊಂದರೆಗಳೆಲ್ಲ ಈ ಒಂದು ಗುಣದಿಂದಲೇ ಹುಟ್ಟಿದ್ದು.

ಪಂಪ್‌ಸೆಟ್ ನೋಡುವ ಹಾಗೆ

ಬೋರ್‌ವೆಲ್ ಮೋಟಾರ್ ಓಡದಿದ್ದರೆ ಯಾರೂ ಮೊದಲೇ ಪೈಪು ಎತ್ತಿಸುವುದಿಲ್ಲ. ಮೂರೂ ಫೇಸಿನಲ್ಲಿ ಕರೆಂಟ್ ಇದೆಯೇ ನೋಡುತ್ತಾರೆ. ಆಮೇಲೆ ಫ್ಯೂಸ್, ಆಮೇಲೆ ಸ್ಟಾರ್ಟರ್, ಆಮೇಲೆ ಕೇಬಲ್. ಕೊನೆಗೆ ಮೋಟಾರ್. ಖರ್ಚಿಲ್ಲದ ಪರೀಕ್ಷೆ ಮೊದಲು, ಖರ್ಚಿನದು ಕೊನೆಗೆ. ನಮ್ಮ ಬಳಗಕ್ಕೆ ಕೋಡ್ ಬರೆದುಕೊಡುವ ಗೆಳೆಯ ಕಲಿಸಿದ್ದೂ ಇದನ್ನೇ. ಪೆಟ್ಟಿಗೆ ಓಡುತ್ತಿದೆಯೇ? ಓಡುತ್ತಿದ್ದರೆ ಅದರ ಲಾಗ್ ಏನು ಹೇಳುತ್ತಿದೆ? ಪೆಟ್ಟಿಗೆಯ ಒಳಗೆ ಹೋಗಿ ಕೇಳಿದರೆ ಉತ್ತರ ಬರುತ್ತದೆಯೇ? ಹೊರಗಿನಿಂದ ಕೇಳಿದರೆ? ಹೀಗೆ ಒಂದೊಂದೇ ಮೆಟ್ಟಿಲು.

ಮೊದಲ ದಿನ ಪುಟವೇ ತೆರೆಯಲಿಲ್ಲ. ಪೆಟ್ಟಿಗೆ ಓಡುತ್ತಿತ್ತು. ಲಾಗ್ ನೋಡಿದರೆ ‘127.0.0.1, ಪೋರ್ಟ್ 5000ದಲ್ಲಿ ಓಡುತ್ತಿದ್ದೇನೆ’ ಎಂದಿತ್ತು. ಒಳಗೆ ಹೋಗಿ ಕೇಳಿದರೆ ಉತ್ತರ ಬಂತು. ಹೊರಗಿನಿಂದ ಇಲ್ಲ. 127.0.0.1 ಅಂದರೆ ಕಂಪ್ಯೂಟರ್ ಭಾಷೆಯಲ್ಲಿ ‘ನಾನೇ’ ಅಂತ. ಅಂದರೆ ಆ ಪ್ರೋಗ್ರಾಮ್ ಪೆಟ್ಟಿಗೆಯ ಒಳಗಿನವರ ಮಾತನ್ನು ಮಾತ್ರ ಕೇಳಿಸಿಕೊಳ್ಳುತ್ತಿತ್ತು, ಹೊರಗಿನ ಬಾಗಿಲ ಕಡೆ ಕಿವಿ ಇಟ್ಟಿರಲಿಲ್ಲ. ನಾವು ಬಳಸಿದ ಫ್ಲಾಸ್ಕ್ ಎಂಬ ಸಾಧನದಲ್ಲಿ ಇದು ಮೊದಲಿನಿಂದಲೇ ಇರುವ ಸೆಟ್ಟಿಂಗ್. ಬೇಕಾದವರೆಲ್ಲ ಒಳಗೆ ನುಗ್ಗದಿರಲಿ ಅಂತ ಹಾಗಿಟ್ಟಿದ್ದಾರೆ. ಅದನ್ನು 0.0.0.0 ಎಂದು ಬದಲಿಸಿದರೆ ‘ಯಾವ ಬಾಗಿಲಿಂದ ಬಂದರೂ ಕೇಳು’ ಅಂದ ಹಾಗೆ. ಪುಟ ತೆರೆಯಿತು.

ಲ್ಯಾಪ್‌ಟಾಪಿನಲ್ಲಿ ತೆರೆದದ್ದು ಫೋನಿನಲ್ಲಿ ತೆರೆಯಲಿಲ್ಲ. ಅದೂ ಇದೇ ಸಂಗತಿ. ಫೋನಿನಲ್ಲಿ ‘ಲೋಕಲ್‌ಹೋಸ್ಟ್’ ಅಂತ ಹಾಕಿದರೆ ಫೋನು ತನ್ನನ್ನೇ ಹುಡುಕಿಕೊಳ್ಳುತ್ತದೆ. ಎರಡನ್ನೂ ಒಂದೇ ಹಾಟ್‌ಸ್ಪಾಟಿಗೆ ಸೇರಿಸಿ, 192.168 ಎಂದು ಶುರುವಾಗುವ ಲ್ಯಾಪ್‌ಟಾಪಿನ ವಿಳಾಸ ಹಾಕಿದಾಗ ಬಂತು.

ಎರಡನೇ ತೊಂದರೆ ಬಂದೂ ಹೋಗುವ ಜಾತಿಯದು. ಮೊದಲ ಸಲ ಚಾಲೂ ಮಾಡಿದಾಗ ವೆಬ್ ಪೆಟ್ಟಿಗೆ ಬಿದ್ದುಹೋಗುತ್ತಿತ್ತು, ಎರಡನೇ ಸಲ ನೆಟ್ಟಗೆ ಓಡುತ್ತಿತ್ತು. ತನ್ನಷ್ಟಕ್ಕೆ ಸರಿಹೋದ ತೊಂದರೆಯನ್ನು ನಂಬಬಾರದು, ಸ್ಟಾರ್ಟರಿನಲ್ಲಿ ಲೂಸ್ ಆದ ವೈರಿನ ಹಾಗೆ ಅದು ಬೇಡದ ದಿನವೇ ಕೈಕೊಡುತ್ತದೆ. ಲಾಗಿನ ಸಮಯಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆವು. ಡೇಟಾಬೇಸ್ ಮೊದಲ ಸಲ ಎದ್ದಾಗ ತನ್ನ ಕಪಾಟು, ಖಾನೆ ಎಲ್ಲ ಜೋಡಿಸಿಕೊಳ್ಳಲು ಒಂದಿಷ್ಟು ಹೊತ್ತು ಬೇಕು. ವೆಬ್ ಪೆಟ್ಟಿಗೆ ಅಷ್ಟರೊಳಗೇ ಹೋಗಿ ಬಾಗಿಲು ತಟ್ಟುತ್ತಿತ್ತು. ಅಂಗಡಿಯ ಶಟರ್ ಎತ್ತಿದ್ದಾರೆ, ಆದರೆ ಇನ್ನೂ ಕಸ ಗುಡಿಸುತ್ತಿದ್ದಾರೆ, ತಕ್ಕಡಿ ಇಟ್ಟಿಲ್ಲ. ‘ಶಟರ್ ಎತ್ತಿದರೆ ಸಾಲದು, ವ್ಯಾಪಾರಕ್ಕೆ ರೆಡಿ ಅಂದ ಮೇಲೆ ಹೋಗು’ ಎಂಬ ಸೂಚನೆಯನ್ನು ಸೆಟ್ಟಿಂಗಿಗೆ ಸೇರಿಸಿದ ಮೇಲೆ ಆ ಕಾಟ ನಿಂತಿತು.

ರಾತ್ರಿ 11.40ಕ್ಕೆ ಬಂದ ನೀರು

ಇವೆರಡೂ ಕಣ್ಣಿಗೆ ಕಾಣುವ ತೊಂದರೆಗಳು. ಪುಟ ತೆರೆಯದಿದ್ದರೆ ಯಾರಿಗೂ ಮೋಸವಾಗುವುದಿಲ್ಲ, ಬೇಜಾರಾಗುತ್ತದೆ ಅಷ್ಟೇ. ಮೂರನೆಯದು ಹಾಗಿರಲಿಲ್ಲ. ಪುಟ ಚೆನ್ನಾಗಿ ತೆರೆಯುತ್ತಿತ್ತು, ಗುಂಡಿ ಒತ್ತಿದರೆ ಹಸಿರು ಟಿಕ್ ಬರುತ್ತಿತ್ತು, ತಿಂಗಳ ಹಾಳೆಯೂ ಮೂಡುತ್ತಿತ್ತು. ಹಾಳೆಯಲ್ಲಿದ್ದ ದಿನ ಮಾತ್ರ ಸುಳ್ಳು.

ಡೆಮೊಗೆ ಮುಂಚೆ ಒಂದು ವಾರ ನಿಜವಾದ ನೀರಿನ ಮೇಲೇ ಪರೀಕ್ಷೆ ಮಾಡಿದೆವು. ಊರಿಗೆ ನೀರು ದಿನ ಬಿಟ್ಟು ದಿನ. ಅಮ್ಮನ ಗುಡಿ ಬೀದಿಗೆ ಸೋಮವಾರ, ಬುಧವಾರ, ಶುಕ್ರವಾರ ಬೆಳಗಿನ ಜಾವ 5.10ಕ್ಕೆ ನೀರು ಬಂತು. ಅಲ್ಲಿನ ಅಕ್ಕ ಮೂರು ದಿನವೂ ಗುಂಡಿ ಒತ್ತಿದರು, ಪಕ್ಕದಲ್ಲಿ ಕ್ಯಾಲೆಂಡರಿನ ಮೇಲೂ ಪೆನ್ನಿನಲ್ಲಿ ಬರೆದಿಟ್ಟರು. ಹಾಳೆ ತೆಗೆದರೆ ನೀರು ಬಂದದ್ದು ಭಾನುವಾರ, ಮಂಗಳವಾರ, ಗುರುವಾರ. ಅದೂ ರಾತ್ರಿ 11.40ಕ್ಕೆ. ಕೆರೆ ಬೀದಿಗೆ ಬೆಳಿಗ್ಗೆ 6.30ಕ್ಕೆ ಬಂದ ನೀರು, ಹಾಳೆಯಲ್ಲಿ ಅದೇ ದಿನದ ರಾತ್ರಿ 1 ಗಂಟೆಗೆ.

ಒಂದು ಕ್ಷಣ ಇದನ್ನು ಗ್ರಾಮಸಭೆಯಲ್ಲಿ ಓದಿದಂತೆ ಯೋಚಿಸಿ. ‘ಸೋಮವಾರ ಅಮ್ಮನ ಗುಡಿ ಬೀದಿಗೆ ನೀರು ಬಿಟ್ಟೇ ಇಲ್ಲ. ಬಿಟ್ಟದ್ದು ಭಾನುವಾರ, ಎಲ್ಲರೂ ಮಲಗಿದ ಮೇಲೆ.’ ನೀರುಗಂಟಿ ಅಣ್ಣ ಬೆಳಗಿನ ಜಾವ ಎದ್ದು, ಟಾರ್ಚ್ ಹಿಡಿದು, ಟ್ಯಾಂಕಿನ ಹತ್ತಿರ ಹೋಗಿ ವಾಲ್ವ್ ತಿರುಗಿಸಿದ್ದೆಲ್ಲ ನೀರಿನಲ್ಲಿ ಹೋಮ. ಸಂಘದ ಒಬ್ಬ ಅಕ್ಕ ಆ ಹಾಳೆ ನೋಡಿ, ‘ಕಂಪ್ಯೂಟರ್ರೇ ಹೇಳಿದ್ಮೇಲೆ ಮುಗೀತಲ್ಲ’ ಅಂದರು. ತಮಾಷೆಗೇ ಅಂದದ್ದು. ನಮಗೆ ಮಾತ್ರ ಎದೆ ಧಸಕ್ ಅಂದಿತು. ಬಾಯಿಮಾತಾದರೆ ಎದುರು ಮಾತಾಡಬಹುದು. ಅಚ್ಚು ಹಾಕಿದ ಹಾಳೆಗೆ ಎದುರಾಡಲು ಆ ಮನುಷ್ಯನ ಹತ್ತಿರ ಏನಿದೆ?

ಹಾಳೆಯನ್ನೂ ಕ್ಯಾಲೆಂಡರನ್ನೂ ಎದುರಿಗಿಟ್ಟುಕೊಂಡು ಕೂತೆವು. ಎರಡು ಸುಳಿವು ಸಿಕ್ಕವು. ಒಂದು, ನೀರು ಬಂದ ಹೊತ್ತು ತಪ್ಪಿದ್ದರೂ ಎಷ್ಟು ಹೊತ್ತು ಬಂತು ಅನ್ನುವುದು ಸರಿಯಾಗೇ ಇತ್ತು. 40 ನಿಮಿಷ ಅಂದರೆ 40 ನಿಮಿಷವೇ. ಅಂದರೆ ಗುಂಡಿ ಒತ್ತಿದ್ದು ಸರಿಯಾಗಿ ದಾಖಲಾಗುತ್ತಿದೆ, ಬಂದದ್ದು ನಿಂತದ್ದು ಎರಡೂ ಒಂದೇ ಅಳತೆಯಷ್ಟು ಹಿಂದೆ ಸರಿದಿವೆ. ಎರಡು, 5.10ಕ್ಕೂ ಹಿಂದಿನ ರಾತ್ರಿಯ 11.40ಕ್ಕೂ ನಡುವೆ ಐದೂವರೆ ಗಂಟೆ. 6.30ಕ್ಕೂ 1ಕ್ಕೂ ನಡುವೆಯೂ ಐದೂವರೆ ಗಂಟೆ. ಎಲ್ಲ ಕಡೆ ಅಷ್ಟೇ.

ಐದೂವರೆ ಅಂದ ಕೂಡಲೇ ಶಾಲೆಯ ಭೂಗೋಳ ನೆನಪಾಗಬೇಕು. ಭಾರತದ ಸಮಯವನ್ನು 82.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ ಲೆಕ್ಕ ಹಾಕುತ್ತಾರೆ. 15 ಡಿಗ್ರಿಗೆ ಒಂದು ಗಂಟೆ. ಹಾಗಾಗಿ ಲಂಡನ್ ಪಕ್ಕದ ಗ್ರೀನಿಚ್ ರೇಖೆಯ ಸಮಯಕ್ಕಿಂತ ನಾವು ಐದೂವರೆ ಗಂಟೆ ಮುಂದೆ. ಆ ರೇಖೆಯ ಹೊತ್ತಿಗೆ ಹೊಂದಿಸಿದ, ಜಗತ್ತಿಗೆಲ್ಲ ಒಂದೇ ಆದ ಸಮಯವನ್ನು ಯುಟಿಸಿ ಅನ್ನುತ್ತಾರೆ.

ಲ್ಯಾಪ್‌ಟಾಪಿನಲ್ಲಿ ಸಮಯ ಕೇಳಿದೆವು. ಸಂಜೆ 4.20. ಅದೇ ನಿಮಿಷದಲ್ಲಿ ಎರಡೂ ಪೆಟ್ಟಿಗೆಗಳ ಒಳಗೆ ಹೋಗಿ ಕೇಳಿದೆವು. ಬೆಳಿಗ್ಗೆ 10.50, ಯುಟಿಸಿ. ಪೆಟ್ಟಿಗೆಗೆ ತಾನು ಯಾವ ದೇಶದಲ್ಲಿದ್ದೇನೆಂದು ಗೊತ್ತಿರುವುದಿಲ್ಲ. ಯಾರೂ ಹೇಳದಿದ್ದರೆ ಅದು ಯುಟಿಸಿಯಲ್ಲೇ ಇರುತ್ತದೆ. ಹಾಗಾಗಿ ನಮ್ಮ ಬೆಳಿಗ್ಗೆ 5.30ರ ತನಕ ಅದರ ಪಾಲಿಗೆ ಇನ್ನೂ ನಿನ್ನೆಯೇ. ನಗರದ ಅಂಗಡಿಯೊಂದರ ಬಿಲ್ಲಿನ ಲೆಕ್ಕವಾಗಿದ್ದರೆ ಇದು ಬೇಗ ಕಣ್ಣಿಗೆ ಬೀಳುತ್ತಿರಲಿಲ್ಲವೇನೋ. ಬೆಳಗಿನ ಜಾವ 5 ಗಂಟೆಗೆ ಯಾರು ಅಂಗಡಿಗೆ ಹೋಗುತ್ತಾರೆ? ಹಳ್ಳಿಯ ಕೆಲಸ ಶುರುವಾಗುವುದೇ ಆ ಹೊತ್ತಿಗೆ. ನೀರು ಬಿಡುವುದು, ಹಾಲು ಕರೆಯುವುದು, ಹೂವು ಬಿಡಿಸುವುದು. ಹೀಗೆ ನಿನ್ನೆಗೆ ಜಾರುವುದು ನಮ್ಮಂಥವರ ಲೆಕ್ಕವೇ. ಇನ್ನು 1ನೇ ತಾರೀಖು ಜಾವದಲ್ಲಿ ಬಿಟ್ಟ ನೀರಂತೂ ಹಿಂದಿನ ತಿಂಗಳಿಗೇ ಹೋಗಿಬಿಡುತ್ತದೆ.

ಒಂದು ಸಲಕ್ಕೆ ಸರಿಹೋಗಲಿಲ್ಲ

ವೆಬ್ ಪೆಟ್ಟಿಗೆಗೆ ‘ನೀನು ಭಾರತದಲ್ಲಿದ್ದೀಯ’ ಎಂದು ಹೇಳಿಕೊಡುವ ಸೆಟ್ಟಿಂಗ್ ಒಂದಿದೆ. ಇಡೀ ಭಾರತಕ್ಕೆ ಅಲ್ಲಿ ಇರುವ ಹೆಸರು ‘ಏಷ್ಯಾ/ಕೋಲ್ಕತ್ತಾ’. ಅದನ್ನು ಹಾಕಿ ಮತ್ತೆ ಚಾಲೂ ಮಾಡಿದೆವು. ಏನೂ ಬದಲಾಗಲಿಲ್ಲ. ತಪ್ಪಾಯಿತು ಎಂಬ ಸಂದೇಶವೂ ಇಲ್ಲ.

ಗೆಳೆಯ ಪೆಟ್ಟಿಗೆಯ ಒಳಗಿನ ಫೈಲುಗಳನ್ನೇ ತೆರೆದು ನೋಡಿದ. ಡೌನ್‌ಲೋಡ್ ಬೇಗ ಆಗಲಿ ಅಂತ ಆರಿಸಿದ್ದ ಪೆಟ್ಟಿಗೆ ‘ಆಲ್ಪೈನ್’ ಎಂಬ ತೀರಾ ಚಿಕ್ಕ ಜಾತಿಯದು. ಜಾಗ ಉಳಿಸಲು ಅದರಲ್ಲಿ ಎಷ್ಟೋ ಸಾಮಾನು ಇರುವುದಿಲ್ಲ. ಯಾವ ದೇಶದ ಸಮಯ ಎಷ್ಟು ಹಿಂದೆ, ಎಷ್ಟು ಮುಂದೆ ಎಂಬ ಪಟ್ಟಿಯೂ ಇರುವುದಿಲ್ಲ. ಕೋಲ್ಕತ್ತಾ ಅಂದರೆ ಅದಕ್ಕೆ ಅರ್ಥವಾಗದೆ, ಸುಮ್ಮನೆ ಯುಟಿಸಿಗೇ ಮರಳುತ್ತಿತ್ತು. ಗೊತ್ತಿಲ್ಲ ಅಂತ ಬಾಯಿಬಿಟ್ಟು ಹೇಳುವ ಯಂತ್ರವನ್ನಾದರೂ ನಂಬಬಹುದು, ಗೊತ್ತಿಲ್ಲದೆ ತಲೆ ಆಡಿಸುವುದನ್ನು ನಂಬುವುದು ಕಷ್ಟ. ಆ ಪಟ್ಟಿಯನ್ನು ಪೆಟ್ಟಿಗೆಗೆ ಸೇರಿಸಿದೆವು. ಪುಟದಲ್ಲಿ 5.10 ಬಂತು. ಎಲ್ಲರೂ ಚಪ್ಪಾಳೆ ತಟ್ಟಿದೆವು.

ತಿಂಗಳ ಹಾಳೆ ತೆಗೆದರೆ ಅಮ್ಮನ ಗುಡಿ ಬೀದಿಯ ನೀರು ಇನ್ನೂ ಭಾನುವಾರದಲ್ಲೇ ಕೂತಿತ್ತು!

ಯಾಕೆಂದರೆ ಹೊತ್ತನ್ನು ತೋರಿಸುವುದು ವೆಬ್ ಪೆಟ್ಟಿಗೆ, ದಿನಗಳನ್ನು ಎಣಿಸುವುದು ಡೇಟಾಬೇಸ್ ಪೆಟ್ಟಿಗೆ. ಒಂದಕ್ಕೆ ಹೇಳಿದ್ದು ಇನ್ನೊಂದಕ್ಕೆ ಕೇಳಿಸುವುದಿಲ್ಲ. ಒಂದೇ ಮನೆಯಲ್ಲಿ ಎರಡು ಗಡಿಯಾರ, ಒಂದನ್ನಷ್ಟೇ ಸರಿ ಮಾಡಿದ ಹಾಗೆ. ಇಲ್ಲಿ ನಮ್ಮಲ್ಲೇ ವಾದವಾಯಿತು. ಎರಡೂ ಪೆಟ್ಟಿಗೆಯ ಗಡಿಯಾರವನ್ನು ಭಾರತಕ್ಕೆ ಹೊಂದಿಸಿಬಿಡೋಣ ಅಂತ ಕೆಲವರು. ನಾಳೆ ಇದನ್ನು ಬೇರೆ ಕಂಪ್ಯೂಟರಿಗೆ ಸಾಗಿಸುವಾಗ ಯಾರಾದರೂ ಆ ಸೆಟ್ಟಿಂಗ್ ಮರೆತರೆ ಮತ್ತೆ ಅದೇ ಕಥೆ ಅಂತ ಇನ್ನು ಕೆಲವರು. ಕೊನೆಗೆ ಎರಡನೆಯವರ ಮಾತು ನಿಂತಿತು. ಡೇಟಾಬೇಸಿನ ಒಳಗೆ ಸಮಯ ಯುಟಿಸಿಯಲ್ಲೇ ಇರಲಿ. ಆದರೆ ದಿನ ಎಣಿಸುವಾಗ ಮತ್ತು ಜನರಿಗೆ ತೋರಿಸುವಾಗ ಪ್ರತಿ ಸಲವೂ ಭಾರತದ ಸಮಯಕ್ಕೆ ಪರಿವರ್ತಿಸು ಎಂದು ಪ್ರೋಗ್ರಾಮಿನಲ್ಲೇ ಬರೆದೆವು. ಹೀಗೆ ಮಾಡಿದರೆ ಪೆಟ್ಟಿಗೆ ಯಾವ ದೇಶದಲ್ಲಿ ಓಡಿದರೂ ಊರಿನ ಸೋಮವಾರ ಸೋಮವಾರವೇ. ಅಳತೆ ಯಾವುದಾದರೂ ಇರಲಿ, ಎಲ್ಲರಿಗೂ ಒಂದೇ ಇರಬೇಕು, ಯಾವ ಅಳತೆ ಎಂದು ಬರೆದಿರಬೇಕು.

ಆಮೇಲೆ ಜಾವ 5.10, ಬೆಳಿಗ್ಗೆ 5.29, 5.31, ರಾತ್ರಿ 11.59, 1ನೇ ತಾರೀಖಿನ ಜಾವ, ಹೀಗೆ ಬೇಕಂತಲೇ ಅಂಚಿನ ಹೊತ್ತುಗಳನ್ನು ಹಾಕಿ ನೋಡಿದೆವು. ಎಲ್ಲವೂ ತಮ್ಮ ತಮ್ಮ ದಿನಕ್ಕೇ ಬಂದು ಕೂತವು.

ಡಬ್ಬಿ ಡಬ್ಬಿ ಅಕ್ಷರ

ಉಳಿದವು ಚಿಕ್ಕವು. ತಿಂಗಳ ಹಾಳೆಯನ್ನು ಪಂಚಾಯಿತಿ ಬೋರ್ಡಿಗೆ ಅಂಟಿಸಲು ಪಿಡಿಎಫ್ ಮಾಡಿದರೆ ಕನ್ನಡದ ಜಾಗದಲ್ಲಿ ಬರೀ ಡಬ್ಬಿಗಳು. ಫೋನಿನಲ್ಲಿ ಕನ್ನಡ ಚೆನ್ನಾಗೇ ಕಾಣುತ್ತಿತ್ತು, ಯಾಕೆಂದರೆ ಫೋನಿನಲ್ಲಿ ಕನ್ನಡ ಫಾಂಟ್ ಇದೆ. ಪಿಡಿಎಫ್ ತಯಾರಾಗುವುದು ಪೆಟ್ಟಿಗೆಯ ಒಳಗೆ, ಅಲ್ಲಿ ಕನ್ನಡ ಫಾಂಟ್ ಇಲ್ಲ. ಉಚಿತವಾಗಿ ಸಿಗುವ ನೋಟೊ ಸಾನ್ಸ್ ಕನ್ನಡ ಹಾಕಿದೆವು. ಅಕ್ಷರ ಬಂದವು, ಒತ್ತಕ್ಷರ ಒಡೆದುಹೋದವು. ‘ಅಮ್ಮನ ಗುಡಿ ಬೀದಿ’ ಹೋಗಿ ‘ಅಮ್‌ಮನ ಗುಡಿ ಬೀದಿ’ ಆಯಿತು. ಕನ್ನಡದಲ್ಲಿ ಫಾಂಟ್ ಇದ್ದರಷ್ಟೇ ಸಾಲದು, ಅಕ್ಷರದ ಕೆಳಗೆ ಒತ್ತನ್ನು ಕೂರಿಸುವ ಇನ್ನೊಂದು ಸಾಧನವೂ ಬೇಕು. ಅದು ಗೊತ್ತಿರುವ ಪಿಡಿಎಫ್ ತಂತ್ರಾಂಶಕ್ಕೆ ಬದಲಾಯಿಸಿದ ಮೇಲೆ ಅಮ್ಮನಿಗೆ ಒತ್ತು ಸಿಕ್ಕಿತು.

ಇನ್ನೊಂದು, ಪೆಟ್ಟಿಗೆಯನ್ನು ತೆಗೆದು ಹೊಸದಾಗಿ ಹಾಕಿದರೆ ಒಳಗಿನ ಲೆಕ್ಕ ಕಾಣಿಸುವುದಿಲ್ಲ. ಲೆಕ್ಕ ಉಳಿಯಬೇಕಾದರೆ ಪೆಟ್ಟಿಗೆಯ ಹೊರಗೆ, ಹೆಸರಿಟ್ಟ ಜಾಗದಲ್ಲಿ ಇಡಬೇಕು. ಬಾಡಿಗೆ ಮನೆ ಬದಲಿಸುವಾಗ ಪತ್ರಗಳ ಟ್ರಂಕನ್ನು ನೆಂಟರ ಮನೆಯಲ್ಲಿ ಇಟ್ಟಂತೆ. ಅದನ್ನೂ ಮಾಡಿದೆವು.

ನೀರುಗಂಟಿ ಅಣ್ಣ ಕೇಳಿದ ಪ್ರಶ್ನೆ

ಡೆಮೊ ತೋರಿಸುವ ಮುಂಚೆ ಹಾಳೆಯನ್ನು ಮೊದಲು ನೀರುಗಂಟಿ ಅಣ್ಣನಿಗೇ ಕೊಟ್ಟೆವು. ಯಾರ ಕೆಲಸವನ್ನು ಆ ಹಾಳೆ ಅಳೆಯುತ್ತದೋ ಅವರು ಅದನ್ನು ಎಲ್ಲರಿಗಿಂತ ಮೊದಲು ನೋಡಬೇಕು ಅನ್ನುವುದು ನಮ್ಮ ನಡುವೆ ಆದ ಒಪ್ಪಂದ. ಅವರು ಬೆರಳಿಟ್ಟು ಒಂದೊಂದೇ ದಿನ ಓದಿದರು. ‘ಹ್ಞೂಂ, ಹೊತ್ತು ಸರಿಯಾಗೈತೆ’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ರಾತ್ರಿಯೆಲ್ಲ ಕರೆಂಟ್ ಇಲ್ದೆ ಟ್ಯಾಂಕೇ ತುಂಬದ ದಿನಾನ ಇದ್ರಾಗೆ ಎಲ್ಲಿ ಬರೀತೀರಿ?’ ಅಂದರು.

ಡೆಮೊದಲ್ಲಿ ಆ ಕಾಲಂ ಇರಲಿಲ್ಲ. ಲಾಗ್ ನೋಡಿದರೆ, ಪೆಟ್ಟಿಗೆಯ ಒಳಗೆ ಹೊಕ್ಕು ಹುಡುಕಿದರೆ ಸಿಗುವ ಸಂಗತಿ ಅದಲ್ಲ. ಪೆಟ್ಟಿಗೆಗೆ ದೇಶ ಗೊತ್ತಿರಲಿಲ್ಲ, ಹೇಳಿಕೊಟ್ಟೆವು. ಕರೆಂಟ್ ಇಲ್ಲದ ರಾತ್ರಿ ಗೊತ್ತಿರುವುದು ವಾಲ್ವ್ ತಿರುಗಿಸುವವರಿಗೆ. ಈಗ ಅವರ ಫೋನಿಗೂ ಒಂದು ಗುಂಡಿ ಬಂದಿದೆ. ‘ಟ್ಯಾಂಕ್ ತುಂಬಲಿಲ್ಲ’ ಎಂದು ಒತ್ತಿ, ಕರೆಂಟೋ ಮೋಟಾರೋ ಪೈಪೋ ಎಂದು ಕಾರಣ ಆರಿಸಬಹುದು. ತಿಂಗಳ ಹಾಳೆಯಲ್ಲಿ ಅದೂ ಅಚ್ಚಾಗುತ್ತದೆ.

ಡೆಮೊ ಆಯಿತು. ಮುಂದಿನ ತಿಂಗಳ 1ನೇ ತಾರೀಖಿನಿಂದ ಐದೂ ಬೀದಿಯಲ್ಲಿ ಒಂದು ತಿಂಗಳು ನಡೆಸಿ ನೋಡಲು ಒಪ್ಪಿದ್ದಾರೆ. ಸಂಘದ ಅಕ್ಕಂದಿರು ಒಂದು ಷರತ್ತು ಹಾಕಿದರು. ಫೋನಿನ ಜೊತೆಗೆ ಬೀದಿಗೊಂದು ನೋಟ್‌ಬುಕ್ ಕೂಡ ಇರಬೇಕು, ಎರಡೂ ತಾಳೆಯಾಗದಿದ್ದರೆ ಹಾಳೆಯನ್ನು ಬೋರ್ಡಿಗೆ ಹಾಕುವಂತಿಲ್ಲ. ನಾವು ಖುಷಿಯಿಂದ ಒಪ್ಪಿದೆವು. ಕ್ಯಾಲೆಂಡರಿನ ಮೇಲೆ ಪೆನ್ನಿನಲ್ಲಿ ಬರೆದದ್ದು ಇಲ್ಲದಿದ್ದರೆ ಆ ಐದೂವರೆ ಗಂಟೆ ಸಿಗುತ್ತಲೇ ಇರಲಿಲ್ಲ.

ಓದುವ ನಿಮಗೂ ಒಂದು ಮಾತು. ಡೇರಿಯ ಚೀಟಿಯೋ ಕೂಲಿಯ ಹಾಜರಿಯೋ, ಯಂತ್ರದ ಲೆಕ್ಕ ನಿಮಗೆ ತಿಳಿದಿರುವುದಕ್ಕಿಂತ ಬೇರೆ ಹೇಳಿದರೆ ಸುಮ್ಮನೆ ತಲೆ ಆಡಿಸಬೇಡಿ. ಎಷ್ಟು ಹೊತ್ತಿಗೆ ದಾಖಲಾಗಿದೆ, ಯಾವ ತಾರೀಖಿಗೆ ಬಿದ್ದಿದೆ ಎಂದು ಕೇಳಿ, ಪ್ರತಿ ಇಸಿದುಕೊಳ್ಳಿ. ವ್ಯತ್ಯಾಸ ಪ್ರತಿ ಸಲವೂ ಒಂದೇ ಅಳತೆಯಲ್ಲಿ ಇದ್ದರೆ ಮನುಷ್ಯರನ್ನು ಬೈಯುವ ಮೊದಲು ಗಡಿಯಾರ ನೋಡಿ ಎಂದು ಹೇಳಿ. ಮನೆಯ ಕ್ಯಾಲೆಂಡರಿನ ಪಕ್ಕ ಒಂದು ಪೆನ್ನು ದಾರದಲ್ಲಿ ಕಟ್ಟಿ ನೇತುಹಾಕಿರಿ.